ನನ್ನ ಪಾಲಿನ ಕ್ಷಮೆ

ವಾರಗಿತ್ತಿಯ ಅಂಗಡಿ ಕಣ್ಣಿಗೆ ಬೀಳಬಾರದೆಂದು ನಾನು ಬೇರೆ ದಾರಿ ಹಿಡಿದು ಓಡಾಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ ಇದ್ದೇ ಇದೆ. ಅದನ್ನು ಬಿಟ್ಟು, ಸುತ್ತು ಹಾಕಿಕೊಂಡು, ಆ ಅಂಗಡಿಯ ಮುಂದೆಯೇ ನಾನು ಹೋಗುತ್ತಿದ್ದೆ. ಬೇಕೆಂದೇ ಹೊಟ್ಟೆ ಉರಿಸಿಕೊಳ್ಳಲಿಕ್ಕೆ. ಗಾಜು ಒರೆಸಿದ್ದಾರೋ ಇಲ್ಲವೋ, ಬೊಂಬೆಗೆ ಯಾವ ಕೋಟು ತೊಡಿಸಿದ್ದಾರೆ, ಒಳಗೆ ಬೆಂಚಿನ ಮೇಲೆ ಯಾರು ಯಾರು ಕಾಯುತ್ತಿದ್ದಾರೆ, ಎಲ್ಲವನ್ನೂ ಒಂದೇ ನೋಟದಲ್ಲಿ ನುಂಗಿ, ಮೂಗು ಮುರಿದು ಮುಂದೆ ನಡೆಯುತ್ತಿದ್ದೆ. ಬೆಂಚು ಖಾಲಿಯಿದ್ದ ದಿನ ನನಗೆ ಊಟ ರುಚಿಸುತ್ತಿತ್ತು.

ಅದು ನಮ್ಮ ಮಾವನವರು ಕಟ್ಟಿದ ಹೊಲಿಗೆ ಅಂಗಡಿ. ಇಬ್ಬರು ಗಂಡುಮಕ್ಕಳಿಗೂ ಅವರೇ ಕೆಲಸ ಕಲಿಸಿದರು, ಆದರೆ ಕಲಿಸಿದ್ದು ಬೇರೆ ಬೇರೆ ಕೆಲಸ. ದೊಡ್ಡವರು, ಅಂದರೆ ನಮ್ಮ ಭಾವ, ಕತ್ತರಿ ಹಿಡಿದರು. ನನ್ನ ಗಂಡ ಸೀಮೆಸುಣ್ಣ ಹಿಡಿದರು. ಸಾದಾ ಬಟ್ಟೆಗೆ ಗುರುತು ಯಾರು ಹಾಕಿದರೂ ಒಂದೇ. ಮಖಮಲ್ಲಿಗೆ ಹಾಗಲ್ಲ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ರೋಮ ಮೇಲ್ಮುಖವಾಗಿ ಬರುವಂತೆ ಹೊಲಿದರೆ ಬಣ್ಣ ಗಾಢವಾಗಿ ಕಾಣುತ್ತದೆ, ಕೆಳಮುಖವಾದರೆ ಅದೇ ಬಣ್ಣ ತಿಳಿಯಾಗಿಬಿಡುತ್ತದೆ. ಒಂದೇ ಉಡುಪಿನಲ್ಲಿ ಎರಡೂ ಬೆರೆತವೋ, ಎರಡು ಹಳೆಯ ಬಟ್ಟೆ ಹರಿದು ಜೋಡಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಅಂಗಡಿಯಲ್ಲಿ ಮಾವ ಒಂದು ಪದ್ಧತಿ ಇಟ್ಟಿದ್ದರು. ಮಖಮಲ್ಲು ಬಂದರೆ ಮೊದಲು ನನ್ನ ಗಂಡ ಅಂಗೈಯಿಂದ ಸವರಿ, ಹಿಂಬದಿಯಲ್ಲಿ ಬಾಣದ ಗುರುತು ಹಾಕಬೇಕು. ಆಮೇಲೇ ಭಾವ ಕತ್ತರಿ ಇಡಬೇಕು. ಮಾವ ತೀರಿಕೊಂಡ ಮೇಲೂ ಅದು ಹಾಗೇ ನಡೆದಿತ್ತು.

ಕೆಟ್ಟದ್ದು ಒಂದು ಮದುವೆ ಗೌನಿನಿಂದ. ನಮ್ಮ ಚರ್ಚಿನಲ್ಲಿ ಮೊದಲನೆಯ ಸಾಲಿನಲ್ಲಿ ಕೂರುವ ಟೀಚರಮ್ಮ ಮಗಳ ಮದುವೆಗೆ ಮಖಮಲ್ಲು ಕೊಟ್ಟಿದ್ದರು. ಆ ವಾರ ನನ್ನ ಗಂಡ ಜ್ವರದಿಂದ ಮಲಗಿದ್ದರು. ಭಾವ ಕಾಯಲಿಲ್ಲ, ಗುರುತಿಲ್ಲದೆ ಕತ್ತರಿಸಿಬಿಟ್ಟರು. ಗೌನು ತಯಾರಾದಾಗ ಎಡಗಡೆ ಒಂದು ಬಣ್ಣ, ಬಲಗಡೆ ಇನ್ನೊಂದು ಬಣ್ಣ. ಟೀಚರಮ್ಮ ಅಂಗಡಿಗೆ ಬಂದು ರಂಪ ಮಾಡಿದರು. ನನ್ನ ಗಂಡ ಅಷ್ಟರಲ್ಲಿ ಜ್ವರ ಬಿಟ್ಟು ಕೆಲಸಕ್ಕೆ ಬಂದಿದ್ದರು, ಪರದೆಯ ಹಿಂದೆ ಇಸ್ತ್ರಿ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದೆ. ಆಗ ನಮ್ಮ ವಾರಗಿತ್ತಿ ಕೌಂಟರಿನಲ್ಲಿ ನಿಂತು ಹೇಳಿದ ಮಾತನ್ನು ನಾವಿಬ್ಬರೂ ಕಿವಿಯಾರೆ ಕೇಳಿದೆವು.

"ಗುರುತು ಹಾಕಿದ್ದು ನಮ್ಮ ಮೈದುನ, ಟೀಚರಮ್ಮ. ಅವನು ತಲೆಕೆಳಗೆ ಹಾಕಿದಾನೆ. ನಮ್ಮವರು ಅದನ್ನ ನಂಬಿ ಕತ್ತರಿಸಿದ್ರು, ಅವರದೇನು ತಪ್ಪು?"

ನಾನು ಎದ್ದೆ. ಗಂಡ ನನ್ನ ರಟ್ಟೆ ಹಿಡಿದು ಕೂರಿಸಿದರು. ಪರದೆಯ ಸಂದಿಯಿಂದ ಭಾವನ ಮುಖ ಕಾಣುತ್ತಿತ್ತು. ಅವರು ತಲೆಯೆತ್ತದೆ ಕತ್ತರಿ ಒರೆಸುತ್ತಿದ್ದರು. ಸ್ವಲ್ಪ ದಿನಕ್ಕೇ, ಒಂದು ಅಂಗಡಿಯಲ್ಲಿ ಎರಡು ಸಂಸಾರ ನಡೆಯುವುದಿಲ್ಲ ಎಂಬ ಮಾತು ಬಂತು. ಒಂದು ಹಳೇ ಮಿಷನ್ನು ಹೊತ್ತುಕೊಂಡು ನಾವು ಹೊರಬಿದ್ದೆವು.

ಆಮೇಲೆ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಮಿಷನ್ನು. ಹೊಸ ಬಟ್ಟೆ ಯಾರೂ ಕೊಡುತ್ತಿರಲಿಲ್ಲ, ಮಖಮಲ್ಲಂತೂ ಕೇಳಲೇಬೇಡಿ. ಟೀಚರಮ್ಮ ಆ ಗೌನಿನ ಕತೆಗೆ ಉಪ್ಪು ಖಾರ ಹಚ್ಚಿ ಊರೆಲ್ಲ ಹಂಚಿದ್ದರು. ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಉದ್ದ ಮಡಚುವುದು, ಸೊಂಟ ಬಿಡಿಸುವುದು, ಇಷ್ಟೇ ನಮ್ಮ ಕೆಲಸ. ಜನ ದಪ್ಪಗಾಗುವುದನ್ನು ನಿಲ್ಲಿಸಿದರೆ ನಮ್ಮ ಸಂಸಾರದ ಗತಿ ಏನು ಎಂದು ನಾನು ಆಗಾಗ ಚಿಂತಿಸುತ್ತಿದ್ದೆ.

ನನ್ನ ಗಂಡ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಾರೆ. ದಿನವೂ ಅದರಲ್ಲಿ ಅಣ್ಣ ಬರಬೇಕು, ಅತ್ತಿಗೆ ಬರಬೇಕು. ಅಣ್ಣನ ಆರೋಗ್ಯ, ಅಂಗಡಿಯ ಏಳಿಗೆ! ಅಂಗಡಿ ಎನ್ನುವ ಮಾತು ಬಂದ ತಕ್ಷಣ ನಾನು ಕಣ್ಣು ಬಿಡುತ್ತಿದ್ದೆ. ಎದುರಿಗೆ ಈ ಮನುಷ್ಯ ಕಣ್ಣು ಮುಚ್ಚಿ, ಬೇಡಿಕೊಳ್ಳುವುದರಲ್ಲೇ ಮುಳುಗಿರುತ್ತಿದ್ದರು. ನಾನು ಆಮೆನ್ ಎನ್ನುತ್ತಿರಲಿಲ್ಲ. ಚರ್ಚಿನಲ್ಲೂ ಎಲ್ಲರೂ ಒಟ್ಟಾಗಿ ಪ್ರಾರ್ಥಿಸುವಾಗ ನಾವು ಇತರರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಸಾಲು ಹತ್ತಿರ ಬಂದರೆ ನನಗೆ ಸರಿಯಾಗಿ ಆಗಲೇ ಕೆಮ್ಮು ಬರುತ್ತಿತ್ತು. ದೇವರಿಗೆ ಸುಳ್ಳು ಹೇಳುವುದಕ್ಕಿಂತ ಕೆಮ್ಮುವುದು ಮೇಲು ಎಂದು ನನ್ನ ಲೆಕ್ಕ.

ಒಮ್ಮೆ ತಟ್ಟೆಯ ಮುಂದೆಯೇ ಜಗಳ ತೆಗೆದೆ.

"ಅವರಿಗೆ ಗಾಜಿನ ಅಂಗಡಿ ಇದೆ, ಮೂರು ಮಿಷನ್ ಇದೆ, ಗಿರಾಕಿ ಇದಾರೆ. ಇನ್ನೂ ಏನು ಕೊಡಿಸ್ತೀರ ದೇವರ ಹತ್ರ ಹೇಳಿ?"

"ನಾನು ಅವರನ್ನ ಕ್ಷಮಿಸಿದೀನಿ ಕಣೇ. ಕ್ಷಮಿಸಿದ ಮೇಲೆ ಒಳ್ಳೇದು ಕೇಳೋದಕ್ಕೆ ಏನು ಕಷ್ಟ?" ಎಂದರು.

"ನೀವು ಕ್ಷಮಿಸಿದ್ರಿ. ನನ್ನ ಒಂದು ಮಾತು ಕೇಳಿದ್ರಾ? ಆ ಅಂಗಡೀಲಿ ನಾನೂ ಕೂತು ಗುಂಡಿ ಹಾಕಿದೀನಿ. ನಾನೂ ಆಚೆ ಬಂದಿದೀನಿ. ನನ್ನ ಪಾಲಿಂದೂ ಸೇರಿಸಿ ಧಾರಾಳವಾಗಿ ಹಂಚೋಕೆ ನೀವ್ಯಾರು?"

ಅವರು ತುತ್ತನ್ನು ತಟ್ಟೆಗೆ ಇಟ್ಟರು. "ನಿನ್ನ ಪಾಲು ನಿನ್ನ ಹತ್ರಾನೇ ಇದೆ. ನಾನು ಅದನ್ನ ಮುಟ್ಟಿಲ್ಲ" ಎಂದರು.

ಹೀಗೆ ನನಗೆ ಎರಡು ಹೊಟ್ಟೆಕಿಚ್ಚು. ಒಂದು ವಾರಗಿತ್ತಿಯ ಮೇಲೆ, ಅವಳ ಅಂಗಡಿಗಾಗಿ. ಇನ್ನೊಂದು ಗಂಡನ ಮೇಲೆ. ದಿಂಬಿಗೆ ತಲೆ ಇಟ್ಟರೆ ಸಾಕು, ಆ ಮನುಷ್ಯನಿಗೆ ನಿದ್ದೆ. ನ್ಯಾಯವಾಗಿ ಉರಿಯಬೇಕಾದವರು ಅವರು. ಆದರೆ ಅವರ ಪಾಲಿನ ಉರಿಯನ್ನೂ ನಾನೇ ಉರಿಯುತ್ತಿದ್ದೆ.

ಚರ್ಚಿಗೆ ಹೊಸ ಸಭಾಂಗಣ ಕಟ್ಟಿ ಮುಗಿದಿತ್ತು. ಅದರ ಪ್ರತಿಷ್ಠೆಯ ಆರಾಧನೆಗೆ ಗಾಯಕವೃಂದಕ್ಕೆಲ್ಲ ದ್ರಾಕ್ಷಿ ಬಣ್ಣದ ಮಖಮಲ್ಲಿನ ನಿಲುವಂಗಿ ಹೊಲಿಸಬೇಕೆಂದು ತೀರ್ಮಾನವಾಯಿತು. ಕೆಲಸ ಭಾವನಿಗೆ ಹೋಯಿತು. ಸುದ್ದಿ ಕೇಳಿದ ದಿನದಿಂದ ನಾನು ಆ ಅಂಗಡಿಯ ಮುಂದೆ ಎರಡೆರಡು ಸಲ ಓಡಾಡತೊಡಗಿದೆ. ಗಾಜಿನ ಹಿಂದೆ ಮಖಮಲ್ಲಿನ ಥಾನುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದನ್ನು ಕಂಡು ನನ್ನ ಕಣ್ಣು ಕುಕ್ಕಿತು.

ಆರಾಧನೆಗೆ ಒಂದು ವಾರವಿತ್ತು. ಮಧ್ಯಾಹ್ನ ಯಾರೋ ಮೆಟ್ಟಿಲು ಹತ್ತಿ ಬರುತ್ತಿರುವ ಸದ್ದಾಯಿತು. ಬಾಗಿಲು ತೆಗೆದರೆ ವಾರಗಿತ್ತಿ, ನಾನು ಅಕ್ಕ ಎಂದು ಕರೆಯುವವಳು. ಎರಡು ಕೈಯಲ್ಲೂ ದೊಡ್ಡ ಗಂಟು, ಹಣೆಯ ಮೇಲೆ ಬೆವರು. ನಾವು ಆ ಮನೆಗೆ ಬಂದ ಮೇಲೆ ಒಂದು ಸಲವೂ ಅವಳು ಆ ಮೆಟ್ಟಿಲು ತುಳಿದಿರಲಿಲ್ಲ.

"ಒಳಗೆ ಬಾ ಅನ್ನಲ್ವಾ?" ಎಂದಳು.

ನಾನು ಅನ್ನಲಿಲ್ಲ, ಆದರೆ ಪಕ್ಕಕ್ಕೆ ಸರಿದೆ. ಅವಳು ಗಂಟು ಬಿಚ್ಚಿ ಒಂದು ನಿಲುವಂಗಿಯನ್ನು ಕಿಟಕಿಯ ಸರಳಿಗೆ ನೇತುಹಾಕಿದಳು. ಬೆಳಕು ಬಿದ್ದದ್ದೇ ತಡ, ಎಲ್ಲ ಕಂಡುಬಿಟ್ಟಿತು. ಎಡಗಡೆ ಗಾಢ, ಬಲಗಡೆ ತಿಳಿ. ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು ಬಣ್ಣ. ಇನ್ನೊಂದು ತೆಗೆದಳು, ಅದರಲ್ಲಿ ಎಡಗಡೆ ತಿಳಿ, ಬಲಗಡೆ ಗಾಢ. ಬಟ್ಟೆ ಉಳಿಸಲಿಕ್ಕೆಂದು ಭಾವ ತುಂಡುಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಇಟ್ಟು ಕತ್ತರಿಸಿದ್ದರು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹೊಲಿದು ಮುಗಿಸಿದ ಮೇಲೆ ಹಗಲು ಬೆಳಕಿಗೆ ತಂದಾಗಲೇ ಅವಳಿಗೆ ಗೊತ್ತಾದದ್ದು.

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಮುಖದಲ್ಲಿ ತೋರಿಸಬಾರದೆಂದು ನೀರು ತರುವ ನೆಪದಲ್ಲಿ ಒಳಗೆ ಹೋಗಿ, ಒಬ್ಬಳೇ ನಿಂತು ಒಂದು ಸಲ ನಕ್ಕು ಬಂದೆ.

"ಅಣ್ಣ ಬಟ್ಟೆ ನೋಡ್ಲಿಲ್ವಾ ಅತ್ತಿಗೆ?" ಎಂದು ನನ್ನ ಗಂಡ ಕೇಳುತ್ತಿದ್ದರು.

"ನೋಡೋಕೆ ಕಣ್ಣು ಬೇಕಲ್ಲ" ಎಂದಳು ಅಕ್ಕ. ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. "ಅವರಿಗೆ ಸರಿಯಾಗಿ ಕಾಣಿಸಲ್ಲ. ಕತ್ತರಿ ಇಡೋವಾಗ ಗೆರೆ ಕಾಣುತ್ತೆ, ಅಷ್ಟೇ. ಛಾಯೆ ತಿಳಿಯಲ್ಲ."

"ಯಾವಾಗಿಂದ?" ಎಂದರು ನನ್ನ ಗಂಡ.

ಅವಳು ಉತ್ತರವನ್ನು ನೆಲಕ್ಕೆ ಹೇಳಿದಳು. "ಆ ಮದುವೆ ಗೌನಿಗೂ ಮುಂಚೆಯಿಂದ. ಕತ್ತರಿ ಹಿಡಿಯೋರಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಯಾರು ಬಟ್ಟೆ ಕೊಡ್ತಾರೆ? ಹೆದರಿಕೊಂಡು ನಿನ್ನ ಮೇಲೆ ಹಾಕ್ಬಿಟ್ಟೆ. ನೀನು ಬಾಯಿ ಬಿಡಲ್ಲ ಅಂತ ಗೊತ್ತಿತ್ತು."

ಕೊನೆಯ ಮಾತಿಗೆ ನನ್ನ ಮೈ ಉರಿದುಹೋಯಿತು. ಬಾಯಿ ಬಿಡದವರ ತಲೆಯ ಮೇಲೆ ಏನು ಬೇಕಾದರೂ ಹೇರಬಹುದು ಎಂದು ಅವಳು ಅಳತೆ ತೆಗೆದುಕೊಂಡೇ ಹೊಲಿದಿದ್ದಳು. ನಾನು ಸೊಂಟಕ್ಕೆ ಸೆರಗು ಬಿಗಿದೆ.

"ಈ ಮಾತನ್ನ ಟೀಚರಮ್ಮನ ಮುಂದೆ ಹೇಳಿ ಅಕ್ಕ. ಚರ್ಚಿನ ಅಂಗಳದಲ್ಲಿ, ನಾಲ್ಕು ಜನ ಕೇಳೋ ಹಾಗೆ. ಆಮೇಲೆ ಈ ಗಂಟು ಬಿಚ್ಚೋಣ."

ಆಗ ನನ್ನ ಗಂಡ ನನ್ನ ಕಡೆ ತಿರುಗಿದರು. ಅವರ ಅಂಗೈ ಆಗಲೇ ಮಖಮಲ್ಲಿನ ಮೇಲಿತ್ತು.

"ಹಾಗೆ ಕೇಳ್ಬೇಡ. ಮಾಡಿಕೊಡೋದಾದ್ರೆ ಮಾಡಿಕೊಡೋಣ. ಆಗಲ್ಲ ಅಂದ್ರೆ ಆಗಲ್ಲ ಅನ್ನೋಣ. ಚೌಕಾಸಿ ಬೇಡ. ಬ್ಲೇಡು ಎಲ್ಲಿಟ್ಟಿದೀಯ?"

ಬ್ಲೇಡು ಮಿಷನ್ನಿನ ಡ್ರಾಯರಿನಲ್ಲಿತ್ತು. ಅದನ್ನು ತಂದು ಅವರ ಮುಂದೆ ಕುಕ್ಕಿದೆ.

ಅವರು ಕಂಡುಕೊಂಡ ಉಪಾಯ ಇಷ್ಟು. ಎಲ್ಲ ನಿಲುವಂಗಿಗಳ ಹೊಲಿಗೆ ಬಿಚ್ಚಿ, ರೋಮ ಮೇಲ್ಮುಖವಾದ ತುಂಡುಗಳನ್ನು ಒಂದು ಕಡೆ, ಕೆಳಮುಖವಾದವನ್ನು ಇನ್ನೊಂದು ಕಡೆ ಹಾಕುವುದು. ನಿಲುವಂಗಿ ಸಡಿಲವಾದ ಉಡುಪು, ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಗಾಢ ತುಂಡುಗಳನ್ನೆಲ್ಲ ಸೇರಿಸಿ ಹೆಂಗಸರ ನಿಲುವಂಗಿ, ತಿಳಿಯವನ್ನೆಲ್ಲ ಸೇರಿಸಿ ಗಂಡಸರದು. ಬೇಕೆಂದೇ ಎರಡು ಛಾಯೆಯಲ್ಲಿ ಹೊಲಿಸಿದ ಹಾಗೆ ಕಾಣುತ್ತದೆ. ಕೇಳಿ ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ನಾನು ಅಳು ಮುಗಿಯುವವರೆಗೂ ಕಿಟಕಿಯಾಚೆ ನೋಡಿದೆ.

ಮರುದಿನದಿಂದ ಭಾವನೂ ಬಂದರು. ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತಿ ಬಂದವರು, ಬಾಗಿಲಲ್ಲಿ ನಿಂತು ತಮ್ಮನ ಹೆಸರು ಕರೆದರು. "ಬಾ ಅಣ್ಣ, ಸ್ಟೂಲು ಇಲ್ಲಿದೆ" ಎಂದು ನನ್ನ ಗಂಡ ಅವರನ್ನು ಕೂರಿಸಿದರು. ಆಮೇಲೆ ನಡೆದದ್ದನ್ನು ನಾನು ಹೊಲಿಗೆ ಬಿಚ್ಚುತ್ತಲೇ ಓರೆಗಣ್ಣಿನಲ್ಲಿ ನೋಡಿದೆ. ಅಣ್ಣನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಮಖಮಲ್ಲಿನ ಮೇಲೆ ಇಟ್ಟು, ಮೆಲ್ಲಗೆ ಎಳೆದರು.

"ಈ ಕಡೆ ಜಾರುತ್ತೆ. ಈಗ ವಾಪಸ್ ಎಳಿ. ತಡೀತಾ?"

"ತಡೀತು" ಎಂದರು ಭಾವ.

"ಅಷ್ಟೇ ಅಣ್ಣ. ಇದಕ್ಕೆ ಕಣ್ಣು ಬೇಕಿಲ್ಲ."

"ಅಪ್ಪ ನನಗೆ ಇದನ್ನ ಕಲಿಸಲೇ ಇಲ್ವಲ್ಲೋ."

"ನೀನು ಕೂತು ಕಲಿತಿದ್ರೆ ತಾನೇ! ಸ್ಕೇಲಲ್ಲಿ ಏಟು ತಿನ್ನೋಕೆ ನಾನೊಬ್ಬ ಇದ್ನಲ್ಲ."

ಇಬ್ಬರೂ ನಕ್ಕರು. ಹಾಗೆ ಹೊಟ್ಟೆ ಹಿಡಿದುಕೊಂಡು ನಗುವುದು ನನ್ನ ಗಂಡನಿಗೆ ಬರುತ್ತದೆಂದೇ ನಾನು ಮರೆತಿದ್ದೆ. ಇಷ್ಟು ವರ್ಷ ಅವರ ಜೊತೆ ಬಾಳಿದವಳು ನಾನು. ಅವರಿಗಾಗಿ ಊರ ಮೇಲೆ ಜಗಳ ಕಾದವಳು ನಾನು. ನನ್ನ ಕೈಯನ್ನು ಅವರು ಎಂದಾದರೂ ಅಷ್ಟು ಮೆತ್ತಗೆ ಹಿಡಿದಿದ್ದರೇ? ಅಂಗಡಿ ಬಿಡಿಸಿದ ಅಣ್ಣನಿಗೆ ಆ ನಗು, ನನಗೆ ಜಿಪ್ಪು ಮತ್ತು ಗುಂಡಿ. ಮೂರನೆಯ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಅದರ ಮೇಲೆ ಎದುರಿಗೆ ಕೂತ ಅಕ್ಕ ನನಗಿಂತ ಬೇಗ ಹೊಲಿಗೆ ಬಿಚ್ಚುತ್ತಿದ್ದಳು, ನೂಲು ಕೂಡ ನನ್ನದಕ್ಕಿಂತ ಚೊಕ್ಕವಾಗಿ ಬರುತ್ತಿತ್ತು. ಅದಕ್ಕೂ ಉರಿದೆ. ವಾರವಿಡೀ ನಾವಿಬ್ಬರೂ ಕತ್ತರಿ ಕೊಡು, ಸೂಜಿ ಕೊಡು ಎಂಬುದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಆರಾಧನೆಯ ದಿನ ಹೊಸ ಸಭಾಂಗಣ ಕಿಕ್ಕಿರಿದಿತ್ತು. ಗಾಯಕರು ಎರಡು ಸಾಲಾಗಿ ಒಳಗೆ ಬಂದರು, ಮುಂದೆ ಗಾಢ ಬಣ್ಣದ ಹೆಂಗಸರು, ಹಿಂದೆ ತಿಳಿ ಬಣ್ಣದ ಗಂಡಸರು. ಎತ್ತರದ ಕಿಟಕಿಗಳಿಂದ ಬೆಳಕು ಬಿದ್ದು ಎರಡು ಬಣ್ಣವೂ ಎದ್ದು ಕಂಡವು. ಜನ ಕತ್ತು ಚಾಚಿ ನೋಡಿದರು. ಕೊನೆಗೆ ಪಾಸ್ಟರು ಒಬ್ಬೊಬ್ಬರಿಗೇ ಧನ್ಯವಾದ ಹೇಳುತ್ತಾ, ಇಂಥ ಚೆಂದದ ಕಲ್ಪನೆ ಮಾಡಿದ ನಮ್ಮ ಹಿರಿಯ ದರ್ಜಿಯವರಿಗೆ ಎಂದು ಭಾವನ ಕಡೆ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ಭಾವ ಅರ್ಧ ಎದ್ದರು, ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರ ತೋಳು ಜಗ್ಗಿದಳು. ಕೂತುಬಿಟ್ಟರು. ನನ್ನ ಪಕ್ಕದಲ್ಲಿ ನನ್ನ ಗಂಡ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ನಾನು ಎರಡು ಕೈಯನ್ನೂ ಚೀಲದೊಳಗೆ ಇಟ್ಟುಕೊಂಡೆ.

ಆಮೇಲೆ ಅಂಗಳದಲ್ಲಿ ಚಹಾ ಕೊಟ್ಟರು. ಅಕ್ಕನ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ನಾನು ಕಪ್ಪು ಹಿಡಿದು ಹಿಂದೆ ನಿಂತಿದ್ದೆ. ಟೀಚರಮ್ಮ ಬಂದವರೇ ಅಕ್ಕನ ಬೆನ್ನು ತಟ್ಟಿದರು.

"ನೋಡಿದ್ರಾ? ಆ ತಮ್ಮನ್ನ ಆಚೆ ಹಾಕಿದ ಮೇಲೆ ಅಂಗಡಿ ಕೆಲಸ ಎಷ್ಟು ಚೊಕ್ಕ ಆಗಿದೆ! ನನ್ನ ಮಗಳ ಗೌನು ಹಾಳು ಮಾಡಿದ್ನಲ್ಲ, ಮಹಾನುಭಾವ." ಅಷ್ಟರಲ್ಲಿ ನಾನು ಕಣ್ಣಿಗೆ ಬಿದ್ದೆ. "ಓ, ನೀನೂ ಇದೀಯಾ? ಬೇಜಾರು ಮಾಡ್ಕೋಬೇಡಮ್ಮ. ಇದ್ದಿದ್ದು ಇದ್ದ ಹಾಗೆ ಹೇಳೋದು ನನ್ನ ಸ್ವಭಾವ."

ಎಲ್ಲರೂ ನನ್ನ ಕಡೆ ತಿರುಗಿದರು. ಇದ್ದದ್ದು ಇದ್ದ ಹಾಗೆ ನನಗೂ ಹೇಳಲು ಬರುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಭಾವನ ಕಣ್ಣು, ಅಕ್ಕನ ಸುಳ್ಳು, ನಮ್ಮ ಕೋಣೆಯಲ್ಲಿ ಬಿಚ್ಚಿ ಹೊಲಿದ ಈ ನಿಲುವಂಗಿಗಳು. ನಾಲ್ಕೇ ಮಾತಿನಲ್ಲಿ ಆ ಗಾಜಿನ ಅಂಗಡಿಗೆ ಬೀಗ ಬೀಳುತ್ತಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ಭಯವಾಗಿತ್ತು. ಇಷ್ಟು ವರ್ಷ ಅವಳ ಗಾಜಿನ ಮುಂದೆ ನಾನು ಓಡಾಡಿದ್ದು ಈ ಮುಖ ನೋಡಲಿಕ್ಕೇ.

ಅಷ್ಟರಲ್ಲಿ ಅವಳ ಹೆಗಲಿನಾಚೆ ನನ್ನ ಗಂಡ ಕಂಡರು. ಸಭಾಂಗಣದ ಮೆಟ್ಟಿಲಿನಲ್ಲಿ ಭಾವನ ಮೊಣಕೈ ಹಿಡಿದು ಇಳಿಸುತ್ತಿದ್ದರು. ಯಾರೋ ಭಾವನ ಕೈ ಕುಲುಕಿ ಹೊಗಳುತ್ತಿದ್ದರು. ನನ್ನ ಗಂಡ ಪಕ್ಕದಲ್ಲಿ ನಿಂತು ತಮ್ಮದೇ ಹೊಗಳಿಕೆ ಎಂಬಂತೆ ನಗುತ್ತಿದ್ದರು. ಆ ಮುಖದಲ್ಲಿ ಬಚ್ಚಿಟ್ಟದ್ದು ಒಂದೂ ಇರಲಿಲ್ಲ. ನನಗೆ ಅಂಗಡಿಯ ಮೇಲೆ ಅಷ್ಟು ಕಿಚ್ಚು ಎಂದೂ ಹುಟ್ಟಿರಲಿಲ್ಲ, ಆ ಮುಖದ ಮೇಲೆ ಹುಟ್ಟಿತು. ಒಂದೇ ಮನೆ, ಒಂದೇ ಅನ್ನ, ಒಂದೇ ಅವಮಾನ. ಅವರಿಗಿರುವುದು ನನಗೆ ಯಾಕಿಲ್ಲ? ನನಗೂ ಬೇಕಿತ್ತು.

"ಗೌನು ಕೆಟ್ಟಿದ್ದು ನಮಗೂ ಬೇಜಾರೇ ಟೀಚರಮ್ಮ" ಎಂದೆ. "ಮಗಳು ಹೇಗಿದಾಳೆ?"

ಟೀಚರಮ್ಮ ಮಗಳ ಸಮಾಚಾರ ಶುರುಮಾಡಿದರು. ನಾನು ಅರ್ಧಕ್ಕೇ ಬಿಟ್ಟು ಅಂಗಳದ ಮೂಲೆಯ ನಲ್ಲಿಯ ಹತ್ತಿರ ಹೋದೆ. ಎದೆ ಹಗುರಾಗುತ್ತದೆ ಎಂದು ಕೇಳಿದ್ದೆ, ಹಾಗೇನೂ ಆಗಲಿಲ್ಲ. ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿದ ಹಾಗೆ ಗಂಟಲಿನಿಂದ ಕೆಳಗೆ ಉರಿಯುತ್ತಿತ್ತು. ಕಪ್ಪು ತೊಳೆಯುತ್ತಾ ನಿಂತೆ. ಹಿಂದೆಯೇ ಅಕ್ಕ ಬಂದಳು.

"ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಅಕ್ಕ."

"ನನ್ನ ಮೇಲಾ?"

"ನಿಮ್ಮ ಮೇಲೆ ಇದ್ದೇ ಇತ್ತು. ಇವತ್ತು ನಿಮ್ಮ ಮೈದುನನ ಮೇಲೆ. ಇಷ್ಟು ವರ್ಷ ಕ್ಷಮಿಸೋ ಸುಖ ಎಲ್ಲಾ ಅವರೊಬ್ಬರೇ ಅನುಭವಿಸಿದ್ರು. ನನ್ನ ಪಾಲು ಹಾಗೇ ಬಿದ್ದಿತ್ತು."

ಅವಳು ನಗಲಿಲ್ಲ. "ಸುಖ ಸಿಕ್ತಾ?"

"ಇಲ್ಲ. ಉರೀತಿದೆ."

"ನೀನು ಹೇಳ್ತೀಯ ಅಂತ ತಯಾರಾಗೇ ಬಂದಿದ್ದೆ" ಎಂದಳು ಅಕ್ಕ. "ಹೇಳಿದ್ರೆ ಎಲ್ಲಾ ಸುಳ್ಳು, ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅನ್ನೋದು ಅಂತ ಮಾತು ಜೋಡಿಸಿಟ್ಟುಕೊಂಡಿದ್ದೆ. ಎಲ್ರೂ ನನ್ನನ್ನೇ ನಂಬ್ತಿದ್ರು. ನೀನು ಮಗಳು ಹೇಗಿದಾಳೆ ಅಂದ್ಬಿಟ್ಟೆ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ."

ತನ್ನ ಕಪ್ಪನ್ನು ನನ್ನ ಕೈಗೆ ಕೊಟ್ಟು ಅವಳು ತಿರುಗಿದಳು. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ. ಟೀಚರಮ್ಮ ಇನ್ನೂ ಅದೇ ಗುಂಪಿನ ನಡುವೆ ನಿಂತು ಕೈ ಬೀಸಿ ಮಾತಾಡುತ್ತಿದ್ದರು. ಅಕ್ಕ ಅತ್ತ ನಡೆದಳು, ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಂಡುತ್ತಾ.

ಆ ಗಳಿಗೆಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಕಟ್ಟಿದ್ದೆನೋ ಲೆಕ್ಕವಿಲ್ಲ. ನಾನು ಎಲ್ಲರಿಗಿಂತ ಮುಂದೆ ಕೈಕಟ್ಟಿ ನಿಂತಿರಬೇಕು, ಅವಳ ಬಾಯಿಂದಲೇ ನಿಜ ಹೊರಬರಬೇಕು, ಒಂದು ಅಕ್ಷರವೂ ನನ್ನ ಕಿವಿ ತಪ್ಪಬಾರದು. ಈಗ ಅದು ತಾನಾಗಿ ನಡೆಯುವುದರಲ್ಲಿತ್ತು. ಆದರೆ ಕಂಡದ್ದು ಅವಳ ಬೆನ್ನು ಮಾತ್ರ. ಗಂಡನ ಕಣ್ಣು ಹೋಗಿದೆ, ಇಂದಿನಿಂದ ಗಿರಾಕಿಯೂ ಹೋಗುತ್ತಾರೆ, ಅದು ಗೊತ್ತಿದ್ದೂ ಆ ಹೆಂಗಸು ಜನರ ನಡುವೆ ಒಬ್ಬಳೇ ಹೋಗುತ್ತಿದ್ದಳು. ಟೀಚರಮ್ಮನ ಬಾಯಿ ಎಂಥದ್ದೆಂದು ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಎರಡು ಕಪ್ಪನ್ನೂ ನಲ್ಲಿಯ ಕೆಳಗೇ ಬಿಟ್ಟು, ಒದ್ದೆ ಕೈಯಲ್ಲೇ ಓಡಿದೆ.

"ಅಕ್ಕ, ನಿಲ್ಲಿ. ನಾನೂ ಬರ್ತೀನಿ."